ಮೇಣದ ಡಬ್ಬಿ

ರಾಯ್ಸ್ ಗೋಡೆಯ ಗೂಟದಿಂದ ಬಂದೂಕನ್ನು ಇಳಿಸಿ, ಸಾವಿನ ಮನೆಗೆಂದು ತೊಟ್ಟ ಕಪ್ಪು ಕೋಟಿನ ತೋಳಿನಿಂದಲೇ ಅದರ ಧೂಳು ಒರೆಸುತ್ತಿದ್ದ. ಚರ್ಚಿಗೆ ಹೊರಡಲು ಇನ್ನೂ ಅರ್ಧ ಗಂಟೆಯಿತ್ತು.

"ಅದನ್ನ ಅಲ್ಲೇ ಇಡು," ಎಂದಳು ಅಕ್ಕ ಆರ್ಡಿಸ್, ಕಾರ್ಯಾಗಾರದ ಬಾಗಿಲಲ್ಲಿ ನಿಂತು.

"ಯಾಕೆ? ಚೀಟಿ ನೋಡು." ನಳಿಗೆಗೆ ದಾರದಿಂದ ಕಟ್ಟಿದ ಚೀಟಿಯಲ್ಲಿ ಅಪ್ಪನ ನಡುಗುವ ಅಕ್ಷರ: ರಾಯ್ಸ್‌ಗೆ. "ಅಪ್ಪನ ಕೊನೇ ಕೆಲಸ ಕಣೇ ಇದು. ಮಣ್ಣು ಮಾಡಿ ಬಂದ್ಮೇಲೆ ಎಲ್ಲರ ಮುಂದೆ ಬಿಚ್ಚೋಣ. ಅಪ್ಪ ಹಾಗೇ ತಾನೆ ಕೊಡ್ತಿದ್ದಿದ್ದು?"

ಮಾತು ನಿಜವೇ. ಐವತ್ತು ವರ್ಷ ಬಂದೂಕಿನ ಕೆಲಸ ಮಾಡಿದ ಅಪ್ಪ ಆರ್ವಲ್ ಹಾಗೆನ್ ಯಾರ ಕೈಗೂ ಬಂದೂಕನ್ನು ಸುಮ್ಮನೆ ಕೊಟ್ಟವನಲ್ಲ. ಗಿರಾಕಿಯಿಂದಲೇ ಅಡಿಯ ಎರಡು ತಿರುಪು ಬಿಚ್ಚಿಸಿ, "ಎರಡೇ ಬೆರಳಲ್ಲಿ ಎತ್ತು" ಎನ್ನುತ್ತಿದ್ದ. ಕಬ್ಬಿಣದ ಭಾಗ, ಭುಜಕ್ಕೆ ಆನಿಸುವ ಹಿಡಿಯಾದ ಸ್ಟಾಕಿನೊಳಗಿಂದ, ಹಣ್ಣಾದ ಹುಣಸೆ ಓಡಿನಿಂದ ಬಿಟ್ಟ ಹಾಗೆ, ಮೇಲೆ ಬರಬೇಕು. ಮತ್ತೆ ಕೂರಿಸಿದರೆ ಕೂದಲೆಳೆಯ ಸಂದೂ ಉಳಿಯಬಾರದು. ಮೊಂಟಾನಾದ ಆ ಕಣಿವೆಯಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಬೆಟ್ಟ ಹತ್ತುವವರೆಲ್ಲ ಹೀಗೆ ನೋಡಿಯೇ ಒಯ್ದವರು.

"ಇವತ್ತು ಬೇಡ ರಾಯ್ಸ್."

"ಹೊಟ್ಟೆಕಿಚ್ಚೇನೇ ನಿಂಗೆ?" ಎಂದು ನಗುತ್ತ ಅವನು ಬಂದೂಕನ್ನು ಮೇಜಿನ ಮೇಲೆ ಅಡ್ಡ ಮಲಗಿಸಿದ.

ಅದು ಬಿಚ್ಚುವುದಿಲ್ಲವೆಂದು ಆರ್ಡಿಸ್‌ಗೆ ಗೊತ್ತಿತ್ತು. ಶವಪೆಟ್ಟಿಗೆಯಲ್ಲಿ ಮಲಗಿದವನಿಗೂ ಗೊತ್ತಿತ್ತು.

*

ಚರ್ಚಿನಲ್ಲಿ ಪಾದ್ರಿಗಳು ಆರ್ವಲ್‌ನ ಕೈಗಳ ಬಗ್ಗೆಯೇ ಮಾತಾಡಿದರು. ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಹಂದಿಮಾಂಸದ ಬನ್ನು, ಚೀಸು ಸುರಿದ ಆಲೂಗಡ್ಡೆ, ನೀರುಕಾಫಿ. ಅಲ್ಲೂ ಕೈಗಳ ಮಾತೇ.

"ಹೋದ ವರ್ಷ ನಂದು ಮಾಡಿಕೊಟ್ಟ," ಎಂದ ಎಮೆಟ್. ಆರ್ವಲ್‌ನ ಜತೆ ಒಂದೇ ಮೇಜಿನಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿ ಬಿಟ್ಟ ಮುದುಕ ಅವನು. "ಎಂಬತ್ತೆರಡು ವಯಸ್ಸು! ಗುಂಡು ಹೋದ ತೂತಿಗೇ ಇನ್ನೊಂದು ಗುಂಡು ಹೋಗುತ್ತಪ್ಪಾ."

ಆ ಬಂದೂಕನ್ನು ಕೂರಿಸಿದವಳು ಆರ್ಡಿಸ್. ಹನ್ನೊಂದು ವರ್ಷದಿಂದ, ಅಪ್ಪನ ಕೈ ನಡುಗಲು ಹಿಡಿದಂದಿನಿಂದ, ಆ ಅಂಗಡಿಯಿಂದ ಹೊರಟದ್ದೆಲ್ಲ ಅವಳು ಮಾಡಿದ್ದೇ. ಅಪ್ಪ ಗಿರಾಕಿಗಳ ಮುಂದೆ ನಿಂತು "ಎರಡೇ ಬೆರಳಲ್ಲಿ ಎತ್ತು" ಎನ್ನುತ್ತಿದ್ದ, ಅಷ್ಟೇ. ಬಾಗಿಲ ಮೇಲಿನ ಹಲಗೆಯಲ್ಲಿ 'ಹಾಗೆನ್ ಮತ್ತು ಮಗ' ಎಂದಿತ್ತು. ಮಗ ಅಲ್ಲಿ ಕೆಲಸ ಮಾಡಿದ್ದು ಎರಡು ಚಳಿಗಾಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಆರ್ವಲ್‌ಗೆ ಮಾತ್ರ ಎರಡು ಹೆಗ್ಗಣದಲ್ಲಿ ಒಂದೇ ಮುದ್ದು.

ಕಾಫಿ ಹಂಚುತ್ತಿದ್ದ ಹೆಂಗಸು ಆರ್ಡಿಸ್‌ಳ ಭುಜ ತಟ್ಟಿದಳು. "ನೀನು ಜೊತೆಗಿದ್ದಿದ್ದು ಒಳ್ಳೇದಾಯ್ತು ಕಣಮ್ಮ. ಆ ಜೀವಕ್ಕೆ ಹೊತ್ತಿಗೊಂದು ಕಾಫಿ ಕಾಯ್ಸಿ ಕೊಡೋಕಾದ್ರೂ ಒಂದು ಜನ ಬೇಕಲ್ಲ."

"ಹೌದು," ಎಂದಳು ಆರ್ಡಿಸ್. "ಕಾಫಿ ಚೆನ್ನಾಗೇ ಕಾಯಿಸ್ತಿದ್ದೆ."

*

ಹನ್ನೆರಡು ದಿನದ ಹಿಂದಿನ ಮಾತು. ರಾಯ್ಸ್‌ಗೆಂದು ತೆಗೆದಿಟ್ಟ ಬಂದೂಕಿಗೆ ಹಳೆಯ ಫೈಬರ್ ಗ್ಲಾಸ್ ಸ್ಟಾಕು, ಮೈಯೆಲ್ಲ ಗೀರು. ಅದನ್ನು ಉಜ್ಜಿ, ಒರೆಸಿ, ಒಣಹುಲ್ಲಿನ ಬಣ್ಣ ಹೊಡೆದು, ಮೇಲೆ ಜೇಡರ ಬಲೆಯಂಥ ಕಪ್ಪು ಎಳೆ ಎಳೆದವಳು ಆರ್ಡಿಸ್. ಬಣ್ಣ ಒಳಗಿನ ಕುಳಿಗೂ ಇಳಿದು ಕಬ್ಬಿಣ ಕೂರದಾಯಿತು. ಅದನ್ನು ಕೆರೆಯಲು ಅವಳು ಉಳಿ ಎತ್ತಿಕೊಂಡಾಗ ಅಪ್ಪ ಕೈ ಹಿಡಿದ.

"ಬಿಡು. ಇದನ್ನ ನಾನೇ ಕೂರಿಸ್ತೀನಿ."

"ಕೈ ನಡುಗುತ್ತಲ್ಲಪ್ಪ."

"ಊರೋರಿಗೆ ನಿನ್ನ ಕೆಲಸ ಸಾಕು. ಇದು ನನ್ನ ಮಗಂದು."

ಅವಳು ಉಳಿ ಕೆಳಗಿಟ್ಟಳು. ಅವನು ಇಡೀ ಬೆಳಗ್ಗೆ ಕೆರೆದ. ಆ ಕುಳಿಗೆ ಅಂಟು ತುಂಬಿ ಕಬ್ಬಿಣವನ್ನು ಒತ್ತಿ ಕೂರಿಸಬೇಕು. ಆದರೆ ಮೊದಲು ಕಬ್ಬಿಣಕ್ಕೆಲ್ಲ ಮೇಣ ಸವರಬೇಕು. ಮೇಣ ತಾಗದ ಕಡೆ ಅಂಟು ಕಚ್ಚಿತೆಂದರೆ ಮುಗಿಯಿತು, ಮತ್ತೆ ಬಿಚ್ಚುವುದಿಲ್ಲ. ಕಬ್ಬಿಣದ ಅಡಿಯಲ್ಲಿ ಹೆಬ್ಬೆರಳ ತುದಿಯಷ್ಟು ಒಂದು ಹಲ್ಲಿರುತ್ತದೆ, ಗುಂಡಿನ ಒದೆತವನ್ನೆಲ್ಲ ತಡೆಯುವುದು ಅದೇ. ಅಪ್ಪ ಕಬ್ಬಿಣದ ಹೊಟ್ಟೆಯ ಭಾಗಕ್ಕೆ ಸವರಿ ಹಲ್ಲಿನ ಬಳಿ ಬರುವಷ್ಟರಲ್ಲಿ ಫೋನು ಬಡಿಯಿತು. ರಾಯ್ಸ್.

"ಹ್ಞೂಂ ಮಗನೇ, ನಿಂದೇ ಮಾಡ್ತಿದ್ದೀನಿ! ಬೇಟೆ ಶುರುವಾಗೋದ್ರೊಳಗೆ ಕೈಗೆ ಬರುತ್ತೆ!"

ಅಪ್ಪನ ಅಷ್ಟು ನಗುವನ್ನು ಅವಳು ವರ್ಷಗಳಿಂದ ಕೇಳಿರಲಿಲ್ಲ. ಮೇಜಿನ ಮೇಲಿದ್ದ ಮೇಣದ ಡಬ್ಬಿಯನ್ನು ಕೈಗೆತ್ತಿಕೊಂಡು, ಅಪ್ಪ ಫೋನು ಮುಗಿಸಿ ಬಂದೊಡನೆ ಚಾಚಲು ಕಾದಳು. ಅವನು ಬಂದ. ಕೇಳಲಿಲ್ಲ. ಅವಳ ಕಡೆ ನೋಡಲೂ ಇಲ್ಲ. ನೇರ ಅಂಟಿಗೆ ಕೈ ಹಾಕಿದ.

ಒಂದು ಮಾತು ಸಾಕಿತ್ತು. ಆರ್ಡಿಸ್ ಡಬ್ಬಿಯನ್ನು ಏಪ್ರನ್ನಿನ ಜೇಬಿಗೆ ಇಳಿಸಿದಳು.

ಮರುದಿನ ಅಂಟು ಒಣಗಿದ ಮೇಲೆ, ಕಬ್ಬಿಣ ಬಿಡಿಸುವ ರಬ್ಬರ್ ಸುತ್ತಿಗೆಯ ಸದ್ದು ಅಡುಗೆಮನೆಗೆ ಕೇಳಿಸಿತು. ಮೂರು ಪೆಟ್ಟು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಅಪ್ಪ ಬಂದು ಕಾಫಿಗೆ ಕೂತ.

"ಚೆನ್ನಾಗಿ ಕೂತಿದೆ," ಎಂದ.

"ಒಳ್ಳೇದಾಯ್ತು," ಎಂದಳು.

ಎಂಟನೆಯ ದಿನ ಬೆಳಗ್ಗೆ ಅವನು ಒಂದು ಕಾಲಿಗೆ ಮಾತ್ರ ಬೂಟು ಹಾಕಿಕೊಂಡು ಕುರ್ಚಿಯಲ್ಲೇ ಹೋಗಿಬಿಟ್ಟಿದ್ದ.

*

ಚರ್ಚಿನಿಂದ ಬಂದ ಏಳೆಂಟು ಗಂಡಸರು ಕಾರ್ಯಾಗಾರದಲ್ಲಿ ಟೋಪಿ ಕೈಯಲ್ಲಿ ಹಿಡಿದು ಮೇಜು ಸುತ್ತುವರಿದಿದ್ದರು. ರಾಯ್ಸ್ ಎರಡೂ ತಿರುಪು ಬಿಚ್ಚಿ ಸಾಲಾಗಿ ಇಟ್ಟ. ಎರಡು ಬೆರಳು ಹಾಕಿ ಎತ್ತಿದ. ಬರಲಿಲ್ಲ. ಇಡೀ ಕೈ ಹಾಕಿದ.

"ಬೂಟುಕಾಲು ಒತ್ತಿ ಎಳೆಯೋ, ಹಲ್ಲು ಕೀಳೋ ಹಾಗೆ," ಎಂದು ಯಾರೋ ನಕ್ಕರು. ಉಳಿದವರು ನಗಲಿಲ್ಲ. ರಾಯ್ಸ್‌ನ ಕುತ್ತಿಗೆ ಕೆಂಪಾಯಿತು.

"ಅಂಟಿಕೊಂಡಿದೆ," ಎಂದ ಎಮೆಟ್ ಮೆಲ್ಲಗೆ. "ಮೇಣ ಬಿಟ್ಟುಹೋಗಿದೆ."

"ಅಪ್ಪ ಮೇಣ ಬಿಡೋದಾ? ಸುಮ್ನಿರಿ."

ಗೋಡೆಯ ಮೇಲೆ ಆರ್ವಲ್‌ನ ಕನ್ನಡಕ ಇನ್ನೂ ಮೊಳೆಗೆ ನೇತಾಡುತ್ತಿತ್ತು.

"ಮೇಣ ಬಿಟ್ಟಿದ್ದು ನಾನು," ಎಂದಳು ಆರ್ಡಿಸ್.

ಎಲ್ಲರೂ ಅವಳತ್ತ ತಿರುಗಿದರು. ಎಲ್ಲರ ಮುಖದಲ್ಲೂ ಒಂದು ಬಗೆಯ ನಿರಾಳ.

"ಹಾಗನ್ನು ಮತ್ತೆ!" ಎಂದ ರಾಯ್ಸ್. "ಅಪ್ಪನ ಕೆಲಸಕ್ಕೆ ನೀನ್ಯಾಕೆ ಕೈ ಹಾಕೋಕೆ ಹೋದೆ? ಅವರ ಕೊನೇದೊಂದನ್ನಾದ್ರೂ ಬಿಡಬಾರದಾ?"

"ಬೈಬೇಡವೋ, ಹೋಗ್ಲಿ. ಎಲ್ಲರಿಗೂ ಆರ್ವಲ್ ಕೈ ಬರುತ್ತಾ?" ಎಂದ ಒಬ್ಬ. ಅವನ ಎರಡು ಬಂದೂಕೂ ಆರ್ಡಿಸ್ ಕೂರಿಸಿದವೇ.

"ಫ್ರೀಜರಿನಲ್ಲಿ ಮಲಗಿಸಿ," ಎಂದ ಎಮೆಟ್. "ತಣ್ಣಗಾದ್ರೆ ಕಬ್ಬಿಣ ಕುಗ್ಗುತ್ತೆ. ನಾಳೆ ಒಂದೇ ಏಟಿಗೆ ಬಿಡುತ್ತೆ."

ರಾಯ್ಸ್ ಬಂದೂಕನ್ನು ಕೂಸಿನಂತೆ ಎತ್ತಿಕೊಂಡು ಮನೆಯತ್ತ ನಡೆದ. ಉಳಿದವರು ಹಿಂದೆ ಹೋದರು. ಎಮೆಟ್ ಮಾತ್ರ ನಿಂತ.

"ನಾಳೆ ಹೊಸದಾಗಿ ಕೂರಿಸಬೇಕು. ಮೇಣ ಇದೆಯಾ ಮಗೂ?"

ಅವನು ಡಬ್ಬಿ ಇಡುವ ಗೋಡೆಯ ಹಲಗೆಯತ್ತ ನೋಡಿದ. ಐವತ್ತು ವರ್ಷ ಇಟ್ಟು ತೆಗೆದು, ಇಟ್ಟು ತೆಗೆದು, ಮರದಲ್ಲಿ ಡಬ್ಬಿಯಷ್ಟೇ ಅಗಲದ ದುಂಡು ತಗ್ಗು ಬಿದ್ದಿತ್ತು. ಖಾಲಿ.

ಆರ್ಡಿಸ್ ಮೊಳೆಗೆ ನೇತುಹಾಕಿದ್ದ ತನ್ನ ಏಪ್ರನ್ನಿನ ಜೇಬಿಗೆ ಕೈ ಹಾಕಿ ಡಬ್ಬಿ ತೆಗೆದು ಕೊಟ್ಟಳು. ಎಮೆಟ್ ಡಬ್ಬಿಯನ್ನು ನೋಡಿದ, ಏಪ್ರನ್ನನ್ನು ನೋಡಿದ. ಅವಳನ್ನು ನೋಡಲಿಲ್ಲ.

"ಈ ಜಾಗ ಖಾಲಿ ಇದ್ದಿದ್ದು... ಆರ್ವಲ್ ನೋಡಿದ್ನಾ?"

"ಗೊತ್ತಿಲ್ಲ," ಎಂದಳು.

ಮುದುಕ ಡಬ್ಬಿಯನ್ನು ಆ ದುಂಡು ತಗ್ಗಿನಲ್ಲಿ ಇಟ್ಟು, ಬೆರಳಿನಿಂದ ಸ್ವಲ್ಪ ತಿರುಗಿಸಿದ. ಅದು ಕೂತಿತು. ಸುತ್ತ ಕೂದಲೆಳೆಯ ಸಂದೂ ಇರಲಿಲ್ಲ.