ಕೀಲಿಲ್ಲದ ಕ್ಯಾಮೆರಾ

ನನ್ನ ಕೈಗೆ ಬರೋ ಕನ್ನಡಕಗಳು ಹೆಚ್ಚುಕಮ್ಮಿ ಎಲ್ಲಾ ಒಂದೇ ಜಾಗದಲ್ಲಿ ಮುರಿದಿರ್ತವೆ. ಕೀಲಲ್ಲಿ. ಕಡ್ಡಿ ಮಡಚ್ತೀವಲ್ಲ, ಆ ಮೂಲೇಲಿ. ಇಪ್ಪತ್ತೆರಡು ವರ್ಷದಿಂದ ಈ ಮೆಟ್ಟಿಲ ಕೆಳಗಿನ ಅಂಗಡೀಲಿ ಕೂತು ಅದನ್ನೇ ಸರಿ ಮಾಡ್ತಿದ್ದೀನಿ. ಕನ್ನಡಕದ ಮೇಲೆ ಕೂತವರು, ದಿಂಬಿನ ಕೆಳಗೆ ಇಟ್ಕೊಂಡು ಮಲಗಿದವರು, ಒಂದೇ ಕೈಯಲ್ಲಿ ಸೆಳೆದು ತೆಗೆದವರು, ಎಲ್ಲರೂ ಬಂದು ಹೇಳೋದು ಒಂದೇ ಮಾತು: "ಏನೂ ಮಾಡಿಲ್ಲಮ್ಮ, ತಾನಾಗೇ ಬಿಟ್ಕೊಂಡ್ತು." ತಾನಾಗೇ ಅಂತೆ! ಹಾಗಾಗಿ ಮಡಚೋ ವಸ್ತು ಕಂಡರೆ ನನಗೆ ಆಗಿಬರಲ್ಲ. ನಮ್ಮ ಮನೇಲಿ ಮಡಚೋ ಕುರ್ಚಿ ಇಲ್ಲ, ಮಡಚೋ ಛತ್ರೀನೂ ಇಲ್ಲ.

ಇದನ್ನ ಮೊದಲೇ ಯಾಕೆ ಹೇಳಿದೆ ಅಂದ್ರೆ, ಮಗಳಿಗೆ ಕ್ಯಾಮೆರಾ ಆರಿಸೋವಾಗ ನಾನು ಮಾಡಿದ ಎಡವಟ್ಟು ಇದರಿಂದಲೇ ಆಗಿದ್ದು.

ಮಗಳಿಗೆ ಹದಿಮೂರು. ಮನೇಲಿ ನಾವಿಬ್ಬರೇ. ಅವಳಿನ್ನೂ ತೊದಲು ಮಾತಾಡೋವಾಗಲೇ ಅವರಪ್ಪ ತೀರ್ಕೊಂಡ್ರು. ಉದ್ದುದ್ದ ಕಾಲು, ನಿಂತ ಕಡೆ ನಿಲ್ಲೋಳಲ್ಲ, ಅದಕ್ಕೇ ನಾನು ಮಿಡತೆ ಅಂತ ಕರೆಯೋದು. ಸ್ಕೂಲಿನ ಓಟದಲ್ಲೆಲ್ಲ ಗೆದ್ದೂ ಗೆದ್ದೂ, ಕೊನೆಗೆ ಓಟಗಾರರನ್ನ ತಯಾರು ಮಾಡೋ ಶಾಲೆಯೊಂದರಲ್ಲಿ ಸೀಟು ಸಿಕ್ತು. ರೈಲಲ್ಲಿ ಒಂದೂವರೆ ದಿನದ ದಾರಿ. ಅಲ್ಲೇ ಹಾಸ್ಟೆಲು. ಮಕ್ಕಳ ಹತ್ತಿರ ಫೋನು ಇರಕೂಡದು. ಭಾನುವಾರ ವಾರ್ಡನ್ ಫೋನಿಂದ ಐದು ನಿಮಿಷ ಮಾತಾಡಬಹುದು, ಅಷ್ಟೇ. ಮೊದಲ ಆರು ತಿಂಗಳು ಯಾರೂ ನೋಡೋಕೆ ಹೋಗೋ ಹಾಗಿಲ್ಲ.

ನಿಯಮದ ಹಾಳೇನ ಹಿಂದೆಮುಂದೆ ತಿರುಗಿಸಿ ಓದಿದೆ. ಕೊನೇಲಿ ಸಣ್ಣಕ್ಷರದಲ್ಲಿತ್ತು: ಇಂಟರ್‌ನೆಟ್ ಇಲ್ಲದ ಚಿಕ್ಕ ಕ್ಯಾಮೆರಾ ಇಟ್ಕೋಬಹುದು. ಹೋದ ಜೀವ ಬಂದ ಹಾಗಾಯ್ತು. ಆ ವಯಸ್ಸಲ್ಲಿ ಮಕ್ಕಳ ಮುಖ ತಿಂಗಳಿಗೊಂದು ಥರ ಆಗುತ್ತೆ. ಅದನ್ನ ನೋಡದೆ ಆರು ತಿಂಗಳು ಇರೋದು ನನ್ನ ಕೈಲಾಗದ ಮಾತು. ನನಗೆ ಬೇಕಾಗಿದ್ದಿದ್ದು ಅವಳ ಮುಖ, ಬೇರೇನೂ ಅಲ್ಲ. ಅದೊಂದನ್ನ ಬಿಟ್ಟು ಮಿಕ್ಕಿದ್ದನ್ನೆಲ್ಲ ಅವಳಿಗೆ ಹೇಳಿದೆ.

ನನ್ನ ಅಂಗಡಿಯಿಂದ ನಾಲ್ಕನೇದು ಕ್ಯಾಮೆರಾ ಅಂಗಡಿ. ಎಲ್ಲರ ಕೈಗೂ ಫೋನು ಬಂದಮೇಲೆ ಪಾಪ, ಅವನು ಅರ್ಜಿಗೆ ಅಂಟಿಸೋ ಫೋಟೋ ತೆಗೆದು ಕಾಲ ಹಾಕ್ತಿದ್ದ. ಕ್ಯಾಮೆರಾ ಬೇಕು ಅಂತ ಇಬ್ಬರು ಬಂದಿದ್ದು ನೋಡಿ ಅವನಿಗೆ ಹಿಗ್ಗೋ ಹಿಗ್ಗು. ಗಾಜಿನ ಮೇಜಿನ ಮೇಲೆ ಬಟ್ಟೆ ಹಾಸಿ ಮೂರು ಕ್ಯಾಮೆರಾ ಸಾಲಾಗಿ ಇಟ್ಟ.

"ಅಕ್ಕಾ, ಇದು ದೂರದ್ದನ್ನ ಹತ್ತಿರಕ್ಕೆ ಎಳೆಯುತ್ತೆ. ಮೈದಾನದ ಆ ತುದೀಲಿ ಓಡೋರ ಮೂಗಿನ ಬೆವರೂ ಕಾಣ್ಸುತ್ತೆ. ಆದ್ರೆ ದಪ್ಪ, ಜೇಬಲ್ಲಿ ಹಿಡಿಸಲ್ಲ. ದಿನಾ ಬಳಸೋ ಕ್ಯಾಮೆರಾ ಜೇಬಲ್ಲೇ ಇರ್ಬೇಕು. ಪೆಟ್ಟಿಗೇಲಿಟ್ರೆ ಪೆಟ್ಟಿಗೇಲೇ ಉಳಿಯುತ್ತೆ."

ಮಾತು ಸರಿ ಅನ್ನಿಸ್ತು. ಅದನ್ನ ಪಕ್ಕಕ್ಕೆ ಸರಿಸಿದೆ. ಮೂರನೇದಕ್ಕೆ ಸುತ್ತಾ ರಬ್ಬರಿನ ಕವಚ ಇತ್ತು. ಬಿದ್ರೂ ಏನೂ ಆಗಲ್ಲ, ನೀರು ಬಿದ್ರೂ ಚಿಂತೆಯಿಲ್ಲ, ಲೆನ್ಸು ಹೊರಗೆ ಚಾಚೋದೂ ಇಲ್ಲ. ಬೆಳಕು ಕಮ್ಮಿ ಇದ್ದಾಗ ಮಾತ್ರ ಚಿತ್ರ ಸ್ವಲ್ಪ ಕಾಳುಕಾಳಾಗಿ ಬರುತ್ತೆ ಅಂದ. ಮಿಡತೆಗೆ ಅದೆಲ್ಲ ಕಿವಿಗೆ ಬಿದ್ದಿದ್ರೆ ತಾನೇ? ಅವಳಾಗಲೇ ಎರಡನೇದನ್ನ ಎತ್ಕೊಂಡಿದ್ದಳು. ಅಂಗೈಯಗಲ, ಹಗುರ, ಹಿಂದಿನ ಸ್ಕ್ರೀನು ಮೇಲಕ್ಕೆ ಮಡಚಿದ್ರೆ ಲೆನ್ಸಿನ ಮುಂದಿರೋರ ಕಡೆಗೇ ತಿರುಗುತ್ತೆ. ಅದರಲ್ಲಿ ತನ್ನನ್ನೇ ನೋಡ್ಕೊಂಡು ನಾಲಗೆ ಚಾಚಿದಳು.

"ಅಮ್ಮಾ, ಇದೇ ಇರ್ಲಿ. ನನ್ನ ಮುಖ ನಾನೇ ನೋಡ್ಕೊಂಡು ತೆಗೀಬಹುದು."

ನಾನು ಕಿತ್ಕೊಂಡು, ಕಣ್ಣಿಗೆ ಭೂತಗನ್ನಡಿ ಇಟ್ಟು ನೋಡಿದ್ದು ಏನನ್ನ? ಆ ಸ್ಕ್ರೀನಿನ ಕೀಲನ್ನ. ಗುಂಡುಪಿನ್ನಿನ ತಲೆಯಷ್ಟು ದಪ್ಪದ ಎರಡು ಸ್ಕ್ರೂ ಮೇಲೆ ನಿಂತಿತ್ತು.

"ಎರಡೇ ತಿಂಗಳು ಇದರ ಆಯಸ್ಸು," ಅಂದೆ.

"ಹಾಗೇನಿಲ್ಲ ಅಕ್ಕಾ, ಇವತ್ತಿನವರೆಗೂ ಒಂದೂ ವಾಪಸ್ ಬಂದಿಲ್ಲ," ಅಂದ ಅಂಗಡಿಯವನು.

"ನೀನು ಕ್ಯಾಮೆರಾ ಮಾರೋನು, ನಾನು ಕೀಲು ನೋಡೋಳು. ಸುಮ್ನಿರಪ್ಪ."

"ನಾನು ಜೋಪಾನವಾಗಿ ಇಟ್ಕೋತೀನಮ್ಮಾ."

"ನಿನ್ನ ಮುಖ ನೀನು ನೋಡ್ಕೊಂಡು ಏನು ಮಾಡ್ತೀಯ? ಹಾಸ್ಟೆಲಲ್ಲಿ ಕನ್ನಡಿ ಇರಲ್ವಾ?"

ಮಿಡತೆ ಕ್ಯಾಮೆರಾನ ನನ್ನ ಕೈಯಿಂದ ತಗೊಂಡಳು. ಸ್ಕ್ರೀನನ್ನ ಮೆಲ್ಲಗೆ ಮಡಚಿ ಅದರ ಜಾಗದಲ್ಲಿ ಇಟ್ಟಳು. ನನಗೆ ಮೊದಲಿಂದ ಸಿಟ್ಟು ಮೂಗಿನ ತುದೀಲೇ, ಬಾಯಿಗೆ ಬಂದಿದ್ದು ಆಚೆಗೆ ಬಿದ್ದಮೇಲೇ ನನಗೂ ಕೇಳೋದು. ರಬ್ಬರಿನ ಕವಚದ್ದನ್ನೇ ಕೊಡಿಸಿದೆ.

ಕರ್ಕೊಂಡು ಹೋಗೋಕೆ ಶಾಲೆಯವರೇ ಬಂದಿದ್ದರು. ಸ್ಟೇಷನ್ನಲ್ಲಿ ಎರಡು ಮೆಮೊರಿ ಕಾರ್ಡು ಕೈಗಿಟ್ಟು ಪಾಠ ಹೇಳಿದೆ. ಒಂದು ತುಂಬಿದ ಕೂಡಲೇ ರಟ್ಟಿನ ಮಧ್ಯೆ ಇಟ್ಟು ಅಂಚೇಲಿ ಕಳಿಸು. ನೀನು ಎಲ್ಲಿ ಮಲಗ್ತೀಯ, ಏನು ತಿಂತೀಯ, ಎಲ್ಲಿ ಓಡ್ತೀಯ, ಎಲ್ಲಾ ತೆಗಿ. ಯಾರ ಕೈಗೂ ಕ್ಯಾಮೆರಾ ಕೊಡಬೇಡ, ಎತ್ತಿ ಹಾಕ್ತಾರೆ. ಮಂದ ಬೆಳಕಲ್ಲಿ ಓದಬೇಡ. ಕಣ್ಣು ಕೆಡಿಸ್ಕೊಂಡು ಕನ್ನಡಕ ಕೊಡು ಅಂತ ನನ್ನ ಮುಂದೆ ಬಂದ್ರೆ ಕಾಲು ಮುರಿದು ಕೈಗೆ ಕೊಡ್ತೀನಿ ನೋಡು. ಮಿಡತೆ ಎಲ್ಲದಕ್ಕೂ ತಲೆ ಆಡಿಸಿದಳು. ರೈಲು ಹೊರಟಮೇಲೆ ಅವಳನ್ನ ಒಂದ್ಸಲ ತಬ್ಬಿಕೊಳ್ಳಲೂ ಇಲ್ಲ ಅನ್ನೋದು ನೆನಪಾಗಿ, ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ.

ಐದು ವಾರಕ್ಕೆ ಮೊದಲ ಕಾರ್ಡು ಬಂತು. ಕೈಯಲ್ಲಿದ್ದ ಕನ್ನಡಕ ಹಾಗೇ ಬಿಟ್ಟು, ಅಂಗಡಿ ಬಾಗಿಲು ಅರ್ಧ ಎಳೆದು, ಕ್ಯಾಮೆರಾ ಅಂಗಡಿಗೆ ಓಡಿದೆ. ಅವನು ಕಂಪ್ಯೂಟರಿಗೆ ಹಾಕಿ, ಸ್ಟೂಲು ಕೊಟ್ಟು, "ಮುನ್ನೂರ ನಲವತ್ತಾರು ಇವೆ ಅಕ್ಕಾ, ನಿಧಾನಕ್ಕೆ ನೋಡಿ" ಅಂದ.

ನೋಡಿದೆ. ಕಬ್ಬಿಣದ ಮಂಚ. ಮಂಚದ ಕೆಳಗಿನ ಟ್ರಂಕು. ತಟ್ಟೆ, ಊಟಕ್ಕೆ ಮುಂಚೆ ಒಂದ್ಸಲ, ಊಟ ಆದಮೇಲೆ ಒಂದ್ಸಲ. ಕೆಂಪು ಮಣ್ಣಿನ ಓಟದ ದಾರಿ. ಸಾಲಾಗಿ ಒಣಗ್ತಿದ್ದ ಕಾಲುಚೀಲ, ಅದರಲ್ಲಿ ನಾನು ಹೊಲಿದುಕೊಟ್ಟಿದ್ದು ಯಾವುದು ಅಂತ ಗುರುತು ಹಿಡಿದೆ. ಜಡೆ ಹಾಕ್ಕೋತಿದ್ದ ಯಾವುದೋ ಹುಡುಗಿ. ವಾರ್ಡನ್ನಿನ ಬೆನ್ನು. ಕಿಟಕಿ ಕಟ್ಟೆ ಮೇಲೆ ಸೋಪಿನ ಡಬ್ಬಿ, ಬಾಚಣಿಗೆ, ಯಾರದೋ ಕನ್ನಡಕ.

"ಥೂ! ನೋಡೋ, ಎಡಗಡೆ ಕೀಲಿಗೆ ಬಿಳೀ ಟೇಪು ಸುತ್ತಿದ್ದಾರೆ," ಅಂದೆ. "ಯಾವ ಪುಣ್ಯಾತ್ಗಿತ್ತಿಯೋ. ಒಂದು ಸ್ಕ್ರೂ ಹಾಕ್ಸೋಕೆ ಏನು ಕಷ್ಟ? ಆ ಮಗೂಗೆ ಹೇಳೋರು ಕೇಳೋರು ಯಾರೂ ಇಲ್ವಾ?"

ಅವನು ನಕ್ಕು ಮುಂದಿನದ್ದು ಒತ್ತಿದ. ಮುನ್ನೂರ ನಲವತ್ತಾರೂ ಮುಗೀತು. ಒಂದರಲ್ಲೂ ನನ್ನ ಮಗಳಿಲ್ಲ. ಮತ್ತೆ ಮೊದಲಿಂದ ಹಾಕಿಸಿದೆ. ಒಂದು ಕಡೆ ಮಣ್ಣಿನ ಮೇಲೆ ಅವಳ ನೆರಳು ಸಿಕ್ತು, ಉದ್ದುದ್ದ ಕಾಲು. ಅದನ್ನೇ ನೋಡ್ತಾ ಕೂತೆ. ಮೇಜಿನ ಮೇಲೆ ಆ ಮಡಚೋ ಸ್ಕ್ರೀನಿನ ಕ್ಯಾಮೆರಾ ಇನ್ನೂ ಇತ್ತು. ಅದನ್ನ ಅವನು ಸದ್ದಿಲ್ಲದೆ ಎತ್ತಿ ಕಪಾಟಿನೊಳಗೆ ಇಟ್ಟ.

ಭಾನುವಾರ ಫೋನು ಬಂತು. ಏನೇನೋ ಯೋಚಿಸಿಟ್ಕೊಂಡಿದ್ದೆ, ಬಾಯಿಂದ ಬಂದಿದ್ದು ಮಾತ್ರ, "ತಟ್ಟೇಲಿ ತರಕಾರಿ ಯಾಕೆ ಬಿಟ್ಟಿದ್ದೀಯ?" ಅದಕ್ಕೇ ಎರಡು ನಿಮಿಷ ಹಾಳಾಯ್ತು. ಆಮೇಲೆ ತಡೀಲಾರದೆ ಕೇಳಿದೆ, "ಒಂದರಲ್ಲೂ ನೀನೇ ಇಲ್ವಲ್ಲೇ?"

ನಾನೇ ಮುಂದುವರಿಸಿದೆ.

"ಪಕ್ಕದ ಹುಡುಗಿಗೆ ಕೊಟ್ಟಿದ್ರೆ ತೆಗೀತಿರ್ಲಿಲ್ವಾ?"

"ಯಾರ ಕೈಗೂ ಕೊಡಬೇಡ ಅಂದಿದ್ದೆ ಅಲ್ವಾ ಅಮ್ಮಾ."

ನಾಲಗೆ ಕಚ್ಕೊಂಡೆ. ಹೇಳಿದ್ದೆ. ಮಂಚ ತೆಗಿ ಅಂದಿದ್ದೆ, ತೆಗೆದಿದ್ದಳು. ತಟ್ಟೆ ತೆಗಿ ಅಂದಿದ್ದೆ, ಅದನ್ನೂ ತೆಗೆದಿದ್ದಳು. ನಾನು ಹೇಳಿದ್ದನ್ನ ಒಂದಕ್ಷರ ಬಿಡದೆ ಮಾಡಿದ್ದಳು ಕೂಸು.

"ಕೊಡೇ. ಯಾರ ಕೈಗಾದ್ರೂ ಕೊಡು. ಬಿದ್ರೆ ಬೀಳ್ಲಿ, ಒಡೆದ್ರೆ ಒಡೀಲಿ. ನಂಗೆ ನಿನ್ನ ಮುಖ ನೋಡ್ಬೇಕು ಕಣೇ ಮಿಡತೆ. ನೋಡ್ದೆ ಇರೋಕಾಗ್ತಿಲ್ಲ."

ಆ ಕಡೆಯಿಂದ ಸಣ್ಣ ದನಿ ಬಂತು. "ನೋಡಿದ್ರೆ ಬೈಯಲ್ವಾ?"

"ಯಾಕೆ ಬೈಲಿ?" ಅನ್ನೋಷ್ಟರಲ್ಲಿ ಐದು ನಿಮಿಷ ಆಯ್ತು ಅಂತ ವಾರ್ಡನ್ ಹೇಳಿದ್ದು ಕೇಳಿಸ್ತು.

ಆ ಪ್ರಶ್ನೆ ಮೂರು ವಾರ ನನ್ನ ತಲೆ ತಿಂತು. ಕೂದಲು ಕತ್ತರಿಸಿಕೊಂಡಳಾ? ಹಲ್ಲು ಮುರ್ಕೊಂಡಳಾ? ನಡುವಿನ ಭಾನುವಾರಗಳಲ್ಲಿ ಕೇಳಿದ್ರೆ, "ಕಾರ್ಡು ಬರುತ್ತಮ್ಮಾ, ನೋಡು" ಅಂತಿದ್ದಳು. ಎರಡನೇ ಕಾರ್ಡು ಬಂದ ದಿನ ಅಂಗಡೀಲಿ ಗಿರಾಕಿ ಕೂತಿದ್ದರು, ಬಂದೆ ಇರಿ ಅಂದು ಹೋದವಳು ಅವರನ್ನ ಮರೆತೇಬಿಟ್ಟೆ.

ಈ ಸಲ ಕಾರ್ಡಲ್ಲಿ ಇದ್ದಿದ್ದು ಒಂದೇ ಫೋಟೋ.

ತೆಗೆದೋಳ ಬೆರಳು ಒಂದು ಮೂಲೇಲಿ ಅಡ್ಡ ಬಂದಿತ್ತು. ಮಧ್ಯದಲ್ಲಿ ನನ್ನ ಮಗಳು. ಉಬ್ಬಿದ ಕೆನ್ನೆ ಎಲ್ಲಿ ಹೋಯ್ತೋ. ಗಲ್ಲ ಥೇಟು ಅವರಪ್ಪಂದು, ಎಲ್ಲಿತ್ತೋ ಇಷ್ಟು ದಿನ. ಬೈಗುಳಕ್ಕೆ ಕಾಯ್ತಾ ನಿಂತವಳ ಹಾಗೆ ತುಟಿ ಬಿಗಿ ಹಿಡಿದಿದ್ದಳು. ಮೂಗಿನ ಮೇಲೆ ಕನ್ನಡಕ. ಎಡಗಡೆ ಕೀಲಿಗೆ ಬಿಳೀ ಟೇಪು.

"ಅಕ್ಕಾ, ಇದು ಆವತ್ತಿನ..." ಅಂದ ಅಂಗಡಿಯವನು, ಅಲ್ಲಿಗೇ ನಿಲ್ಲಿಸಿದ.

ಹೇಳೋರು ಕೇಳೋರು ಯಾರೂ ಇಲ್ವಾ ಅಂದಿದ್ದೆನಲ್ಲ, ಅದೇ ಕನ್ನಡಕ. ಟೇಪು ಸುತ್ತಿದ ಕಡೆ ಫ್ರೇಮು ಒಂದು ಕೂದಲೆಳೆಯಷ್ಟು ಮೇಲೆದ್ದಿತ್ತು. ಮೂಗಿನ ಪಕ್ಕ ಒತ್ತಿ ಕೆಂಪಾಗಿತ್ತು. ಅದನ್ನ ಸರಿಪಡಿಸೋಕೆ ನನ್ನ ಬೆರಳು ತಾನಾಗೇ ಹೋಯ್ತು, ಕಂಪ್ಯೂಟರಿನ ಗಾಜು ತಗುಲಿದಮೇಲೇ ಎಚ್ಚರ ಆಗಿದ್ದು. ಅಲ್ಲೇ ಅತ್ತೆ. ಅವನು ಎದ್ದು ಹೋಗಿ ಬಾಗಿಲಲ್ಲಿ ರಸ್ತೆ ನೋಡ್ತಾ ನಿಂತ.

ಭಾನುವಾರ ಮಿಡತೆ ಎಲ್ಲಾ ಹೇಳಿದಳು. ಸೇರಿದ ಎರಡನೇ ವಾರದಲ್ಲೇ ಕಣ್ಣು ತಪಾಸಣೆ ಆಯ್ತಂತೆ, ಅಲ್ಲೇ ಕೊಟ್ಟರಂತೆ. ಓಡೋವಾಗ ಬಿದ್ದು ಕೀಲು ಬಿಟ್ಕೊಂಡಿತಂತೆ. "ಬೈಯಮ್ಮಾ, ಬೈದು ಮುಗಿಸ್ಬಿಡು" ಅಂದಳು.

"ಎದುರಿಗೆ ಸಿಕ್ಕಾಗ ಬೈತೀನಿ," ಅಂದೆ. ಆ ಕಡೆ ಅವಳು ಮೂಗು ಎಳ್ಕೊಂಡಿದ್ದು ಕೇಳಿಸ್ತು.

ಮಾರನೇ ದಿನ ಅಂಗಡೀಲಿದ್ದ ಗಟ್ಟಿ ಫ್ರೇಮೊಂದನ್ನ ತೆಗೆದು, ಅವಳು ಹೇಳಿದ ನಂಬರಿನ ಗಾಜು ಕೂರಿಸಿ, ಕೀಲಿನ ಸ್ಕ್ರೂ ಎರಡೆರಡು ಸಲ ಬಿಗಿ ಮಾಡಿ, ಓಡೋವಾಗ ಜಾರದ ಹಾಗೆ ಹಿಂದಕ್ಕೆ ಪಟ್ಟಿ ಹಾಕಿದೆ. ಕೊನೆಗೆ ಉಳಿದಿದ್ದು ಮೂಗಿನ ಮೇಲೆ ಕೂರೋ ಸಣ್ಣ ರಬ್ಬರು. ಐದು ಅಳತೇಲಿ ಬರುತ್ತೆ. ಬಾಗಿಲಲ್ಲಿ ನಿಂತವರ ಮೂಗು ನೋಡಿ ಯಾವುದು ಹಿಡಿಯುತ್ತೆ ಅಂತ ಹೇಳೋಳು ನಾನು. ಫೋಟೋದ ಪ್ರಿಂಟನ್ನ ದೀಪದ ಕೆಳಗೆ ಹಿಡಿದೆ, ಕೈಯಲ್ಲಿ ಸ್ಕೇಲು ಇಟ್ಕೊಂಡು ಎಷ್ಟೋ ಹೊತ್ತು ಕೂತೆ. ಆ ಮುಖ ಈಗ ಎಷ್ಟು ಉದ್ದವೋ, ಎಷ್ಟು ಅಗಲವೋ ನನಗೆ ಗೊತ್ತಾಗಲಿಲ್ಲ.

ಐದು ಅಳತೆಯದೂ ಒಂದೊಂದು ಜೊತೆ ಪೊಟ್ಟಣಕ್ಕೆ ಹಾಕಿದೆ. ಚೀಟೀಲಿ ಬರೆದೆ: ಯಾವುದು ಸರಿಯಾಗಿ ಕೂರುತ್ತೋ ನೋಡಿ ಹಾಕ್ಕೋ. ಯಾವುದು ಅಂತ ಭಾನುವಾರ ಹೇಳು, ನನಗೂ ಗೊತ್ತಿರಲಿ.