ಡಬ್ಬಿಯೊಳಗಿನ ಐದು ಚೀಟಿ

ಬಿಸ್ಕತ್ತಿನ ತಗಡಿನ ಡಬ್ಬಿಯಿಂದ ಅಧ್ಯಕ್ಷರು ನಾಲ್ಕನೆಯ ಚೀಟಿ ಎತ್ತಿ ಓದಿದರು: "ಶೇಕಡಾ ಮೂರು ಏರಿಕೆ." ಅಕ್ಷರ ವರ್ಲಿನ್ ಕೋಸ್ಟರ್‌ನದು. ಅವನ ಮೂರರ ಬಾಲವನ್ನು ಲವಾನ್ ಫೈಫರ್ ಹತ್ತು ಸಾವಿರ ಚೀಟಿಗಳ ನಡುವೆಯೂ ಗುರುತಿಸಬಲ್ಲಳು. ಓದಿದ ನಾಲ್ಕೂ ಏರಿಕೆಯವೇ. ಉಳಿದದ್ದು ಅವಳದೊಂದೇ: ಶೇಕಡಾ ಎರಡು ಇಳಿಕೆ.

ಲವಾನ್ ಎಂದರೆ ಸಾಮಾನ್ಯಳಲ್ಲ. ನಮ್ಮ ರಾಜ್ಯದ ಕಂದಾಯ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಕೂತವಳು. ಮಾಲೀಕರು ಕೆಲಸಗಾರರ ಸಂಬಳದಲ್ಲಿ ಮುರಿದುಕೊಂಡು ರಾಜ್ಯಕ್ಕೆ ಕಟ್ಟುವ ಆದಾಯ ತೆರಿಗೆಯ ಲೆಕ್ಕ ಪ್ರತಿ ಶುಕ್ರವಾರ ಅವಳ ಮೇಜಿಗೆ ಬರುತ್ತಿತ್ತು. ಅದನ್ನು ನೋಡಿಯೇ ಅವಳು ಯಾವ ಕಾರ್ಖಾನೆಯವನು ಊಟದ ಡಬ್ಬಿಗೆ ಮಾಂಸ ಬಿಟ್ಟು ಬರೀ ಬ್ರೆಡ್ಡು ಕಟ್ಟಿಕೊಂಡ ಎಂದು ಹೇಳುತ್ತಿದ್ದಳು. ಸುಳ್ಳಾದರೆ ನನ್ನ ನಾಲಿಗೆ ಬಿದ್ದುಹೋಗಲಿ. ಈ ಸಲ ಐದು ಶುಕ್ರವಾರ ಸಾಲಾಗಿ ಅಂಕಿ ಕುಸಿದಿತ್ತು. ಯಾರ ಕೆಲಸವೂ ಹೋಗಿರಲಿಲ್ಲ. ಶನಿವಾರದ ಹೆಚ್ಚುವರಿ ಪಾಳಿಗಳಷ್ಟೇ ಸದ್ದಿಲ್ಲದೆ ಸತ್ತಿದ್ದವು. ಪತ್ರಿಕೆಗಳಿಗೆ ವಾಸನೆ ಹತ್ತಲು ಇನ್ನೂ ಆರು ತಿಂಗಳು ಬೇಕು.

ಪ್ರತಿ ನವೆಂಬರಿನಲ್ಲಿ ಐವರು ಅಂದಾಜುಗಾರರು ಕೂತು ರಾಜ್ಯದ ಮುಂದಿನ ವರ್ಷದ ಆದಾಯಕ್ಕೆ ಒಂದೇ ಅಂಕಿ ಒಪ್ಪಬೇಕು. ಒಬ್ಬರು ಒಪ್ಪದಿದ್ದರೆ ಟಿಪ್ಪಣಿಯಲ್ಲಿ ಒಂದು ಸಾಲು, ಅಷ್ಟೇ. ಇಬ್ಬರು ಒಪ್ಪದಿದ್ದರೆ ಅಂಕಿಯೇ ನಿಲ್ಲದು. ಏರಿಕೆಯ ಅಂಕಿಯನ್ನೇ ನೆಚ್ಚಿಕೊಂಡ ಗವರ್ನರ ತೆರಿಗೆ ಕಡಿತದ ಮಸೂದೆ ಅಲ್ಲೇ ಮಲಗಬೇಕು. ಮಸೂದೆ ಎದ್ದು ನಿಂತರೆ ಮೊದಲ ಕತ್ತರಿ ಎಲ್ಲಿಗೆಂದು ಲವಾನ್‌ಗೆ ಗೊತ್ತು: ನಡೆಯಲಾರದವರ ಮನೆಗೆ ಹೋಗಿ ನೋಡಿಕೊಳ್ಳುವ ಸಹಾಯಕಿಯರ ಸಂಬಳಕ್ಕೆ. ಗಾಲಿಕುರ್ಚಿಯಲ್ಲಿರುವ ಅವಳ ತಮ್ಮ ಡೆಲ್ಮರ್‌ನನ್ನು ಎತ್ತಿ ಮೀಯಿಸುವ ರೊಸಾಲ್ಬಾ ಅಂಥವಳೊಬ್ಬಳು.

ಇದನ್ನೆಲ್ಲ ಸೋಮವಾರ ವರ್ಲಿನ್‌ಗೆ ಬಾಯಿಬಿಟ್ಟು ಹೇಳಿದ್ದಳು. ಹತ್ತೊಂಬತ್ತು ವರ್ಷಗಳಿಂದ ಗೆಳೆಯ. "ನಿನ್ನ ಶುಕ್ರವಾರಗಳ ಮೇಲೆ ನಂಗೆ ಬೈಬಲ್ಲಿಗಿಂತ ಹೆಚ್ಚು ನಂಬಿಕೆ ಕಣೇ. ಇಬ್ರೂ ಇಳಿಕೆ ಅಂತಾನೇ ಬರೆಯೋಣ" ಎಂದಿದ್ದ.

"ಸೋಮವಾರ ಏನಂದಿದ್ದೆ ವರ್ಲಿನ್?" ಈಗ ಅವಳು ಕೇಳಿದಳು.

"ಸೋಮವಾರದ್ದು ಸೋಮವಾರಕ್ಕೇ ಆಯ್ತು." ಅವನು ಅಧ್ಯಕ್ಷರತ್ತ ತಿರುಗಿದ. "ಸಾರ್, ಇವಳ ತಮ್ಮನ್ನ ನೋಡ್ಕೊಳ್ಳೋಳಿಗೆ ಸಂಬಳ ಕೊಡೋದು ರಾಜ್ಯ. ಪಾಪ, ಹೆದರಿದೋರಿಗೆ ಎಲ್ಲಾ ಅಂಕಿನೂ ಇಳಿದ ಹಾಗೇ ಕಾಣುತ್ತೆ."

ಲವಾನ್ ಐದು ಶುಕ್ರವಾರದ ಐದು ಹಾಳೆಗಳನ್ನು ಮುಂದೆ ತಳ್ಳಿದಳು. "ನನ್ನ ಬಿಡಿ. ಇದನ್ನ ಓದಿ." ಯಾರೂ ಕೈ ಚಾಚಲಿಲ್ಲ. ಟಿಪ್ಪಣಿಯಲ್ಲಿ ಒಂದು ಸಾಲು ಬಿತ್ತು.

ಆಮೇಲೆ ಊಟ. ಖಾರದ ಬೀನ್ಸ್ ಕಾಳು-ಮಾಂಸದ ಸಾರು, ಜೊತೆಗೆ ಬಂಡಿಯ ಗಾಲಿಯಷ್ಟು ದೊಡ್ಡ ದಾಲ್ಚಿನ್ನಿಯ ಸುರುಳಿ ಬನ್ನು. ಹಿಂದಿನ ವರ್ಷ ನಿಜಕ್ಕೆ ಹತ್ತಿರದ ಅಂಕಿ ಬರೆದವರು ಬನ್ನು ಮುರಿದು ಹಂಚುವುದು ಅಲ್ಲಿಯ ಪದ್ಧತಿ. ಸತತ ಆರನೆಯ ವರ್ಷವೂ ಅದು ಲವಾನ್. ಮುರಿದಳು, ಹಂಚಿದಳು. ತನ್ನ ತಟ್ಟೆಗೆ ಹಾಕಿಕೊಳ್ಳಲಿಲ್ಲ.

ವರ್ಲಿನ್ ಎಂದಿನಂತೆ ಸುರುಳಿಯ ನಡುವಿನ ಮೆತ್ತನೆಯ ತಿರುಳನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ತಂದ. "ಡೆಲ್ಮರ್‌ಗೆ. ಮುಖ ಹಾಗೆ ಮಾಡ್ಬೇಡ್ವೇ. ಶಾಸನಸಭೆ ಸ್ಪೀಕರೇ ಫೋನ್ ಮಾಡಿ ಏರಿಕೆ ಬರಿ ಅಂದ್ರು. ನಂಗೂ ನಿವೃತ್ತಿಗೆ ಎರಡೇ ವರ್ಷ ಇದೆ."

ತಮ್ಮ ಕೇಳುತ್ತಾನೆಂದು ತೆಗೆದುಕೊಂಡಳು.

ಮನೆಯಲ್ಲಿ ಡೆಲ್ಮರ್ ಪೊಟ್ಟಣದಲ್ಲಿದ್ದುದನ್ನು ಮೂಗಿನಿಂದಲೇ ಕಂಡುಹಿಡಿದ. "ವರ್ಲಿನ್ ಮರೀಲಿಲ್ಲ ನೋಡು! ಚಿನ್ನದಂಥ ಮನುಷ್ಯ ಕಣಕ್ಕಾ." ಬೆರಳಿಗಂಟಿದ ಸಕ್ಕರೆ ನೆಕ್ಕಿದ.

ರೊಸಾಲ್ಬಾ ಕೋಟು ತೊಟ್ಟಳು. "ಸ್ನಾನ ಆಗಿದೆ, ಮಾತ್ರೆ ಆಗಿದೆ. ಜಗಳ ಮಾತ್ರ ಬಾಕಿ ಇದೆ, ಅದನ್ನ ಸೋಮವಾರ ಬಂದು ಮುಗಿಸ್ತೀನಿ."

"ಬಾ ಬಾ, ಕಾಯ್ತಿರ್ತೀನಿ" ಎಂದ ಡೆಲ್ಮರ್.

ಅವಳ ಕಾರಿನ ಕೆಂಪು ದೀಪಗಳು ಧಾನ್ಯ ತುಂಬಿಡುವ ಗೋಪುರ ದಾಟಿ ತಿರುಗಿದವು. ಲವಾನ್ ಚಿಲಕದ ಮೇಲೆ ಕೈಯಿಟ್ಟು ನಿಂತೇ ಇದ್ದಳು. ಬಯಲಿನ ಚಳಿಗಾಳಿ ಒಳನುಗ್ಗಿ ಮೇಜಿನ ಮೇಲಿದ್ದ ಖಾಲಿ ಕರವಸ್ತ್ರವನ್ನು ನೆಲಕ್ಕೆ ಕೆಡವಿತು.

"ಬಾಗಿಲು ಹಾಕಕ್ಕಾ!" ಒಳಗಿನಿಂದ ಬಾಯ್ತುಂಬ ಬನ್ನಿನ ಕೂಗು. "ನಮ್ಮನೆ ಹೀಟರಲ್ಲಿ ಇಡೀ ರಾಜ್ಯಾನೇ ಬೆಚ್ಚಗಿಡ್ತೀಯಾ ಏನು?"