ಅತಿಥಿಗೆ ಹೇಳದ ತಕರಾರು

ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡು ಯಾರಾದರೂ ಬೀದಿಗೆ ಕಾಲಿಟ್ಟರೆ, ಬುಟ್ಟಿ ಹೆಣೆಯುವವರ ಮನೆಗಳಲ್ಲಿ ಮೊದಲು ಆಗುವ ಕೆಲಸ ಒಳಗಿನ ಒಂದೇ ಕುರ್ಚಿಯನ್ನು ಒರೆಸಿ ಹೊರಗೆ ಹಾಕುವುದು. ಎರಡನೆಯದು, ಅವರು ಏನು ಕೇಳಿದರೂ ಹೌದು ಎನ್ನುವುದು. ನೀರು ಕಾಯಿಸಿ ಕುಡಿಯುತ್ತೀರಾ? ಹೌದು. ಆಸ್ಪತ್ರೆಯಲ್ಲಿ ಚೆನ್ನಾಗಿ ನೋಡಿಕೊಳ್ಳುತ್ತಾರಾ? ಹೌದು. ಪಾಪ, ಬಿಸಿಲಲ್ಲಿ ನಡೆದು ಬಂದವರು, ಅವರ ಮುಂದೆ ನಮ್ಮ ಗೋಳು ತೋಡಿಕೊಳ್ಳುವುದು ಮರ್ಯಾದೆಯಲ್ಲ ಎಂಬುದು ಕಾಡಂಚಿನ ಈ ಮೂಲನಿವಾಸಿಗಳ ಲೆಕ್ಕ. ಬೇಗ ಹೌದು ಅಂದರೆ ಬೇಗ ಎದ್ದು ಹೋಗುತ್ತಾರೆ ಎಂಬುದೂ ಅದೇ ಲೆಕ್ಕದ ಒಂದು ಭಾಗ.

ಈ ಸೌಜನ್ಯದಿಂದ ಕಳೆದ ಸಲ ಒಂದು ವಿಚಿತ್ರ ನಡೆಯಿತು. ಬಿದಿರಿನ ಸಿಬಿರು ಚುಚ್ಚಿ ಇಲ್ಲಿಯವರ ಕಾಲಿಗೆ ಹುಣ್ಣಾಗುತ್ತದೆ ಎಂದು ತಿಳಿದ ಒಂದು ಸಂಸ್ಥೆ ಮನೆಮನೆಗೆ ಚಪ್ಪಲಿ ಹಂಚಿತು. ಆಮೇಲೆ ಬಂದು ಕೇಳಿತು: ಚಪ್ಪಲಿ ಹಾಕಿಕೊಳ್ಳುತ್ತೀರಾ? ಎಲ್ಲರೂ ಹೌದು ಅಂದರು. ಸುಳ್ಳೇನಲ್ಲ, ಪೇಟೆಗೆ ಹೋಗುವಾಗ ಹಾಕಿಕೊಳ್ಳುತ್ತಿದ್ದರು. ಆದರೆ ಬುಟ್ಟಿ ಹೆಣೆಯುವವರಿಗೆ ಕಾಲೂ ಒಂದು ಕೈ. ಎಡಗಾಲಿನ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಬಿದಿರ ಸೀಳನ್ನು ಕಚ್ಚಿ ಹಿಡಿದು ಕತ್ತಿಯಲ್ಲಿ ಹೆರೆಯಬೇಕು. ಚಪ್ಪಲಿ ಮೆಟ್ಟಿ ಆ ಕೆಲಸ ಮಾಡುವುದೆಂದರೆ ಕೈಗವಸು ತೊಟ್ಟು ಸೂಜಿಗೆ ದಾರ ಪೋಣಿಸಿದ ಹಾಗೆ. ಅದನ್ನು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಯೋಜನೆ ಯಶಸ್ವಿ ಎಂದು ವರದಿಯಾಯಿತು.

ಬೀದಿಯ ಕೊನೆಯ ಮನೆಯ ಹಿರಿಯರಿಗೆ ತಕರಾರು ಮಾವ ಎಂದೇ ಹೆಸರು. ಟೀಗೆ ಸಕ್ಕರೆ ಕಮ್ಮಿ, ರೇಡಿಯೋ ಸದ್ದು ಜಾಸ್ತಿ, ಪಕ್ಕದ ಮನೆ ಕೋಳಿಗೆ ಹೊತ್ತುಗೊತ್ತು ತಿಳಿಯದು. ಅವರ ತಕರಾರಿನಿಂದ ತಪ್ಪಿಸಿಕೊಂಡ ಪದಾರ್ಥ ಆ ಬೀದಿಯಲ್ಲಿರಲಿಲ್ಲ. ಹೊರಗಿನವರು ಬಂದರೆ ಮಾತ್ರ ಅವರಷ್ಟು ಸಂತೃಪ್ತ ಮನುಷ್ಯ ಇನ್ನೊಬ್ಬರಿಲ್ಲ.

ಒಂದು ಬೆಳಿಗ್ಗೆ ಪಕ್ಕದ ಮನೆಯ ಟೈಲರಮ್ಮ ಬಂದಳು. ಅದೇ ಜನದವಳು, ಹೆಣೆಯುವವರ ಮನೆಯಲ್ಲಿ ಹುಟ್ಟಿ ಹೊಲಿಯಲು ಕಲಿತವಳು.

"ಮಾವ, ಆಸ್ಪತ್ರೆ ಡಾಕ್ಟರಮ್ಮ ಕಾಲುಹುಣ್ಣಿನ ಬಗ್ಗೆ ಅಧ್ಯಯನ ಮಾಡ್ತಾರಂತೆ. ಅವರ ಜೊತೆ ಕೂತು ಕೆಲಸ ಮಾಡೋಕೆ ಬೀದಿಯವರು ಸೇರಿ ನಮ್ಮಲ್ಲೇ ಕೆಲವರನ್ನ ಆರಿಸಿದ್ದಾರೆ. ನಾನೂ ಇದ್ದೀನಿ."

"ಅಧ್ಯಯನ ಅಂದ್ರೆ ರಕ್ತ ತಗೊಂಡು ಹೋಗೋದು ತಾನೆ? ಹಿಂದೆ ಒಬ್ಬ ತಗೊಂಡು ಹೋದ. ಅದು ಈಗ ಎಲ್ಲಿದೆಯೋ ಏನೋ, ನನಗಿಂತ ಜಾಸ್ತಿ ಊರು ನೋಡಿರಬೇಕು."

"ನಾವೂ ಅದನ್ನೇ ಮೊದಲು ಕೇಳಿದ್ವಿ. ರಕ್ತ ಯಾಕೆ ತಗೋತೀರ, ಎಲ್ಲಿಡ್ತೀರ, ಕೆಲಸ ಮುಗಿದ ಮೇಲೆ ಏನು ಮಾಡ್ತೀರ, ಇದಕ್ಕೆ ಉತ್ತರ ಕೊಡೋ ತನಕ ಶುರು ಮಾಡಬೇಡಿ ಅಂದ್ವಿ. ನಮ್ಮ ರಕ್ತದ ಫಲಿತಾಂಶ ಮೊದಲು ನಮ್ಮ ಕೈಗೆ ಬರಬೇಕು. ವರದಿ ಹೊರಗೆ ಹೋಗೋ ಮುಂಚೆ ಇಲ್ಲೇ, ನಮ್ಮ ಮಾತಲ್ಲೇ ಓದಬೇಕು. ತಪ್ಪಿದ್ರೆ ತಿದ್ದಬೇಕು."

"ಅದಕ್ಕೆ ಒಪ್ಪಿದ್ರಾ?"

"ಒಪ್ಪಿದ್ರು."

"ಅಷ್ಟು ಸಲೀಸಾಗಿ ಒಪ್ಪಿದ್ರೆ ಏನೋ ಇದೆ."

"ಸಲೀಸಾಗಿ ಎಲ್ಲಿ ಬಂತು, ಕೂತು ಕೂತು ಬೆನ್ನು ಬಿದ್ದುಹೋಯ್ತು. ನಿಮಗೆ ಬೇಡ ಅನ್ನಿಸಿದ್ರೆ ಬೇಡ ಅನ್ನಿ ಮಾವ. ಬೇಡ ಅಂದವರಿಗೆ ಆಸ್ಪತ್ರೇಲಿ ಔಷಧಿ ಕೊಡಲ್ಲ ಅನ್ನೋ ಹಾಗಿಲ್ಲ. ಅದೂ ಮಾತಾಗಿದೆ."

"ಹಾಗಾದ್ರೆ ಬೇಡ."

"ಸರಿ," ಎಂದು ಟೈಲರಮ್ಮ ಎದ್ದಳು.

ಮಾವನಿಗೆ ಇದು ಹೊಸತು. ಬೇಡ ಎಂದಮೇಲೂ ಜಗ್ಗಾಡುವವರ ಜೊತೆ ವಾದ ಮಾಡಿ ಅವರಿಗೆ ಅಭ್ಯಾಸ. ಬೇಡ ಎಂದೊಡನೆ ಎದ್ದು ಹೊರಟವಳನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ.

"ಇರು, ಇರು. ಏನು ಕೇಳ್ತಾರೆ, ಅಷ್ಟಾದ್ರೂ ಹೇಳಿ ಹೋಗು."

"ಕೇಳೋದು ಕಮ್ಮಿ, ನೋಡೋದು ಜಾಸ್ತಿ. ಕೆಲಸಕ್ಕೆ ಹೇಗೆ ಕೂರ್ತೀರ, ಕಾಲಲ್ಲಿ ಬಿದಿರು ಹೇಗೆ ಹಿಡೀತೀರ ತೋರಿಸಿ ಅಂತಾರೆ. ಅದನ್ನ ಸೇರಿಸಿದ್ದು ನಾವೇ."

ಮಾವ ಎಡಗಾಲನ್ನು ಮೆಲ್ಲಗೆ ಗೋಣಿಚೀಲದ ಕೆಳಗೆ ಸರಿಸಿದರು. "ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳಲಿ."

"ಅದನ್ನೇ ಕೇಳಲಿ," ಎನ್ನುತ್ತ ಮಾವನ ಹೆಂಡತಿ, ಬೀದಿಗೆಲ್ಲ ಅತ್ತೆ, ಒಳಗಿನಿಂದ ಬಂದರು. "ಆ ಗೋಣಿ ತೆಗೆದು ನೋಡಮ್ಮ. ಬೆರಳು ಊದಿ ಬಣ್ಣ ತಿರುಗಿದೆ. ವಾಸನೆಗೆ ನಾನು ಗೋಡೆ ಕಡೆ ಮುಖ ಮಾಡಿ ಮಲಗ್ತಿದ್ದೀನಿ. ಯಾರಿಗೂ ಹೇಳಬೇಡ ಅಂತ ನನ್ನ ಬಾಯಿ ಹೊಲಿದುಬಿಟ್ಟಿದ್ದಾರೆ."

"ನಿನ್ನ ಬಾಯಿ ಹೊಲಿಯೋ ದಾರ ಇನ್ನೂ ತಯಾರಾಗಿಲ್ಲ," ಎಂದರು ಮಾವ. "ನೋವೇ ಇಲ್ಲ ಕಣಮ್ಮ. ನೋವಿದ್ರೆ ತಾನೆ ಹುಣ್ಣು."

ಟೈಲರಮ್ಮ ಗೋಣಿ ಎತ್ತಿದಳು. ಅವಳ ಮುಖದ ನಗು ಹೋಯಿತು.

"ಮಾವ, ಇಷ್ಟು ದೊಡ್ಡ ಹುಣ್ಣು ನೋಯ್ತಿಲ್ಲ ಅನ್ನೋದೇ ಕೆಟ್ಟದ್ದು. ಸಕ್ಕರೆ ಕಾಯಿಲೆ ಇದ್ರೆ ಕಾಲಿಗೆ ಸ್ಪರ್ಶವೇ ಗೊತ್ತಾಗಲ್ಲ. ಅಧ್ಯಯನಕ್ಕೆ ಸೇರೋದು ಬಿಡೋದು ನಿಮ್ಮಿಷ್ಟ. ಇದಕ್ಕೆ ಮಾತ್ರ ಈಗಲೇ ಆಸ್ಪತ್ರೆಗೆ ಹೊರಡಿ."

"ಹೋದ್ರೆ ಬೆರಳು ಕತ್ತರಿಸ್ತಾರೆ. ಈ ಬೆರಳಿಲ್ಲದೆ ಬುಟ್ಟಿ ಹೇಗೆ ಹೆಣೀಲಿ, ಬಾಯಲ್ಲಾ?"

"ಹೆಣೀಬಹುದು, ಅಷ್ಟು ಗಟ್ಟಿಯಾಗೇ ಇದೆ," ಎಂದರು ಅತ್ತೆ. ಆದರೆ ಆಗಲೇ ಅವರು ಬಾಗಿಲ ಹಿಂದೆ ಗಂಡನ ಚಪ್ಪಲಿ ಹುಡುಕುತ್ತಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ರಕ್ತ ನೋಡಿದರು. ಸಕ್ಕರೆ ಮಿತಿ ಮೀರಿತ್ತು. ಹುಣ್ಣು ಬಿಡಿಸಿದರೆ ಒಳಗೆ ಸಿಬಿರು ಸಿಕ್ಕಿತು. ಅದು ಯಾವಾಗ ಹೊಕ್ಕಿತೋ ಮಾವನಿಗೇ ಗೊತ್ತಿಲ್ಲ.

"ಬೆರಳು ಉಳಿಸೋಕೆ ನೋಡ್ತೀನಿ. ಖಂಡಿತ ಉಳಿಯುತ್ತೆ ಅಂತ ಹೇಳಲಾರೆ," ಎಂದರು ಡಾಕ್ಟರಮ್ಮ.

ಉಳಿಯಿತು. ತುದಿಯಲ್ಲಿ ಒಂದಿಷ್ಟು ಮಾಂಸ ಹೋಯಿತು, ವಾಸಿಯಾಗಲು ಬಹಳ ದಿನ ಹಿಡಿಯಿತು. ಮನೆಗೆ ಕಳಿಸುವಾಗ ಡಾಕ್ಟರಮ್ಮ ಎರಡು ಮಾತು ಹೇಳಿದರು: ಮಾತ್ರೆ ತಪ್ಪಿಸಬೇಡಿ, ಬರಿಗಾಲಲ್ಲಿ ಬಿದಿರು ಹಿಡಿಯಬೇಡಿ, ಮತ್ತೆ ಸಿಬಿರು ಹೊಕ್ಕರೆ ಪಾದವನ್ನೇ ಕಳೆದುಕೊಳ್ಳಬೇಕಾದೀತು. ಮೊದಲನೆಯದು ಸುಲಭ. ಎರಡನೆಯದೆಂದರೆ ಕೆಲಸ ಬಿಡಬೇಕು. ಮಾವ ಗೋಡೆಗೊರಗಿ ಕೂತರು. ತಕರಾರು ಕೂಡ ಕಮ್ಮಿಯಾಯಿತು. ಅತ್ತೆಗೆ ಆಗ ನಿಜವಾಗಿ ಭಯವಾಯಿತು.

"ಆ ಅಧ್ಯಯನದವರನ್ನ ಕರಿ," ಎಂದು ಒಂದು ದಿನ ಮಾವ ತಾವಾಗಿಯೇ ಟೈಲರಮ್ಮನಿಗೆ ಹೇಳಿದರು. "ಹೇಗೆ ಕೂರ್ತೀನಿ ತೋರಿಸ್ತೀನಿ. ಇನ್ನು ಮುಚ್ಚಿಡೋಕೆ ಏನಿದೆ."

ಡಾಕ್ಟರಮ್ಮ ಬಂದರು. ಒರೆಸಿಟ್ಟ ಕುರ್ಚಿಯನ್ನು ಪಕ್ಕಕ್ಕಿಟ್ಟು ನೆಲದ ಮೇಲೆ ಕೂತು, ಮನೆಮನೆಯಲ್ಲಿ ಹೆಣೆಯುವವರ ಕಾಲು ನೋಡಿದರು. ಬಿದಿರು ಹಿಡಿಯುವಾಗಲೂ ಬೆರಳಿಗೆ ರಕ್ಷಣೆ ಇರುವಂಥದ್ದು ಬೇಕು ಎಂದು ಎಲ್ಲರೂ ಸೇರಿ ತೀರ್ಮಾನಿಸಿದರು. ಡಾಕ್ಟರಮ್ಮ ದಪ್ಪ ಬಟ್ಟೆಯ ಕೆಲವು ಬೆರಳುಚೀಲ ಮಾಡಿಸಿ ತಂದರು. ಹಂಚುವ ಮುಂಚೆ ಬೀದಿಯಲ್ಲೇ ಪರೀಕ್ಷೆ.

ಮೊದಲು ಹಾಕಿಕೊಂಡವರು ಚೆನ್ನಾಗಿದೆ ಅಂದರು. ಆಮೇಲೆ ಹಾಕಿಕೊಂಡವರೂ ಚೆನ್ನಾಗಿದೆ ಅಂದರು. ಕೊನೆಗೆ ಮಾವ ಹಾಕಿಕೊಂಡು ಸೀಳು ಹಿಡಿದರು. ಸೀಳು ಜಾರಿತು. ಇನ್ನೊಮ್ಮೆ ಹಿಡಿದರು, ಮತ್ತೆ ಜಾರಿತು.

"ಹೇಗಿದೆ ಯಜಮಾನರೇ?" ಎಂದು ಡಾಕ್ಟರಮ್ಮ ಕೇಳಿದರು.

ಮಾವ ಟೈಲರಮ್ಮನ ಮುಖ ನೋಡಿದರು. ಅವಳು ಕಣ್ಣು ಕೂಡ ಮಿಟುಕಿಸಲಿಲ್ಲ. ಉತ್ತರವನ್ನು ಯಾರ ಬಾಯಿಗೂ ತುರುಕುವಂತಿಲ್ಲ ಎಂಬುದೂ ಮಾತಾಗಿತ್ತು. ಆಮೇಲೆ ಮಾವ ತಮ್ಮ ಬೆರಳನ್ನೇ ನೋಡಿಕೊಂಡರು.

"ಬೇಜಾರು ಮಾಡ್ಕೋಬೇಡಿ ಡಾಕ್ಟರಮ್ಮ. ಇದು ಚೆನ್ನಾಗಿಲ್ಲ."

ಬೀದಿಯಲ್ಲಿ ಯಾರೋ ಕೆಮ್ಮಿದರು. ಮನೆಗೆ ಬಂದವರ ಮುಖಕ್ಕೆ ಇಂಥ ಮಾತು ಹೇಳಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

"ಏನು ಚೆನ್ನಾಗಿಲ್ಲ, ಹೇಳಿ."

"ಬಿದಿರು ಜಾರುತ್ತೆ, ಜಾರಿದ್ರೆ ಕತ್ತಿ ಕೈ ಕುಯ್ಯುತ್ತೆ. ಹೊಲಿಗೆ ಸರಿಯಾಗಿ ಬೆರಳಿನ ಸಂದಿಗೆ ಬಂದಿದೆ, ಉಜ್ಜಿ ಉಜ್ಜಿ ಹುಣ್ಣು ಮಾಡೋದು ಇದೇ. ನೀವು ಆ ಕಡೆ ಹೋದ ಮೇಲೆ ಇವರೆಲ್ಲ ಬಿಚ್ಚಿಟ್ಟು ಬರಿಗಾಲಲ್ಲಿ ಕೂರ್ತಾರೆ. ನಾನೂ ಕೂರ್ತೀನಿ, ಹೊಟ್ಟೆ ಕೇಳಬೇಕಲ್ಲ."

"ನಾನು ಬಂದಿದ್ದೇ ಇದನ್ನ ಕೇಳೋಕೆ," ಎಂದರು ಡಾಕ್ಟರಮ್ಮ. "ಇನ್ನೂ ಇದ್ರೆ ಹೇಳಿ."

ಇನ್ನೂ ಇತ್ತು. ಮಾವ ಕಟ್ಟೆಯ ಒಂದು ಕಲ್ಲು ಸರಿಸಿದ್ದೇ ತಡ, ಬೀದಿಗೆ ಬೀದಿಯೇ ಹರಿಯಿತು. ಚೆನ್ನಾಗಿದೆ ಎಂದಿದ್ದವರೇ ಚೀಲ ಬಿಚ್ಚಿ ಕೆಂಪಾದ ಬೆರಳು ತೋರಿಸಿದರು. ನಾವು ಕಾಡಿನಿಂದ ಬಿದಿರು ಹೊತ್ತು ಇಳಿಯುವ ಹೊತ್ತಿಗೆ ಆಸ್ಪತ್ರೆ ಬಾಗಿಲು ಹಾಕಿರುತ್ತದೆ ಎಂದಳು ಒಬ್ಬಾಕೆ. ಅಲ್ಲಿಯ ತನಕ ಆಸ್ಪತ್ರೆಯವರು, ಇವರಿಗೆ ಆರೋಗ್ಯದ ಚಿಂತೆಯಿಲ್ಲ, ಅದಕ್ಕೇ ಬರುವುದಿಲ್ಲ ಎಂದುಕೊಂಡಿದ್ದರು.

ಟೈಲರಮ್ಮ ಹೊಸದಾಗಿ ಹೊಲಿದಳು: ಹಳೆಯ ಚರ್ಮದ ತುಂಡು, ಒರಟು ಮೈ ಹೊರಗೆ, ಹೊಲಿಗೆ ಬೆರಳಿನ ಮೇಲ್ಗಡೆಗೆ. ಮಾವ ಸೀಳು ಕಚ್ಚಿ ಹಿಡಿದು ಎಳೆದರು. ನಿಂತಿತು. ಅಂದು ಸಂಜೆಯೊಳಗೆ ಒಂದು ಬುಟ್ಟಿಯ ತಳ ಸಿದ್ಧವಾಗಿತ್ತು. ಆಸ್ಪತ್ರೆ ವಾರಕ್ಕೊಂದು ದಿನ ಸಂಜೆ ತೆರೆಯತೊಡಗಿತು.

ಕೆಲವು ತಿಂಗಳ ನಂತರ ಎಲ್ಲರೂ ಕೂಡಿ ಕಾಲು ನೋಡಿದರು. ಹೊಸ ಹುಣ್ಣುಗಳು ಕಮ್ಮಿಯಾಗಿದ್ದವು. ಬೇಸಿಗೆಯಲ್ಲಿ ಚೀಲದೊಳಗೆ ಬೆವರುತ್ತದೆ ಎಂಬ ದೂರು ಹಾಗೆಯೇ ಉಳಿದಿತ್ತು, ಅದನ್ನೂ ವರದಿಗೆ ಸೇರಿಸಿದರು. ಮಾತು ಕೊಟ್ಟಂತೆ ವರದಿಯನ್ನು ಬೀದಿಯಲ್ಲೇ ಓದಿದರು. ಹಿಂದೆ ಹಂಚಿದ ಚಪ್ಪಲಿ ಉಪಯೋಗಕ್ಕೆ ಬರಲಿಲ್ಲ, ಕಾರಣ ಜನರಲ್ಲಿ ತಿಳಿವಳಿಕೆಯ ಕೊರತೆ ಎಂದು ಒಂದು ಕಡೆ ಇತ್ತು.

"ಆ ಸಾಲು ತೆಗೀರಿ," ಎಂದರು ಮಾವ. "ಅವರು ಸರಿಯಾಗಿ ಕೇಳಲಿಲ್ಲ, ನಾವು ಬಾಯಿಬಿಟ್ಟು ಹೇಳಲಿಲ್ಲ. ಹಾಗೆ ಬರೀರಿ."

ಹಾಗೆಯೇ ಬರೆದರು.

"ಇವರ ತಕರಾರಿಗೆ ಈಗ ಆಸ್ಪತ್ರೆಯವರ ಮುದ್ರೆ ಬೇರೆ ಬಿತ್ತು," ಎಂದು ಅತ್ತೆ ನಿಟ್ಟುಸಿರು ಬಿಟ್ಟರು. "ಇನ್ನು ನಾನು ಬಾಳಿದ ಹಾಗೇ."

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ: ನಿಮ್ಮ ಆರೋಗ್ಯದ ಬಗ್ಗೆ ವಿಚಾರಿಸಲು ಯಾರಾದರೂ ಬಂದರೆ ಕುರ್ಚಿ ಹಾಕಿ, ನೀರು ಕೊಡಿ, ಆಮೇಲೆ ನೀವೂ ಕೇಳಿ. ಇದು ಯಾಕೆ, ರಕ್ತ ಎಲ್ಲಿಗೆ ಹೋಗುತ್ತದೆ, ಫಲಿತಾಂಶ ನಮಗೆ ಯಾವಾಗ ಸಿಗುತ್ತದೆ, ಈ ಪ್ರಶ್ನೆಗಳನ್ನು ರೂಪಿಸುವಾಗ ನಮ್ಮವರು ಯಾರಿದ್ದರು? ಉತ್ತರ ಒಪ್ಪಿಗೆಯಾಗದಿದ್ದರೆ ಬೇಡ ಎನ್ನುವ ಹಕ್ಕು ನಿಮ್ಮದು. ಒಪ್ಪಿದಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಕಾಲಿನ ಹುಣ್ಣು ಒಂದು ವಾರವಾದರೂ ಮಾಯದಿದ್ದರೆ, ಅಥವಾ ಅದು ನೋಯುತ್ತಲೇ ಇಲ್ಲ ಎಂದರೆ, ಯಾವ ಅಧ್ಯಯನಕ್ಕೂ ಕಾಯದೆ ಇಂದೇ ಆಸ್ಪತ್ರೆಗೆ ಹೋಗಿ.